ಸ್ಪಷ್ಟನೆ: ಇಂಡೊನೇಷ್ಯಾದಲ್ಲಿ ಧರ್ಮಗಳನ್ನು ಬೆರೆಸುವ ಕಾನೂನು ಬಂದಿಲ್ಲ

‘ಇಂಡೊನೇಷ್ಯಾ ಸರ್ಕಾರ ಎಲ್ಲ ಧರ್ಮಗಳನ್ನೂ ಬೆರೆಸಿ ಒಂದು ಮಾಡುತ್ತಿದೆ, ಧಾರ್ಮಿಕ ಸಂಯಮದ ಬಗ್ಗೆ ಅದು ಹಾಕುವ ಪೋಸ್ಟ್‌ಗಳನ್ನು ವಿರೋಧಿಸಿದವರಿಗೆ ಜೈಲು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು. ಧಾರ್ಮಿಕ ಸಂಯಮ ಎಂದರೆ ಅತಿರೇಕವಿಲ್ಲದೆ ಧರ್ಮವನ್ನು ಪಾಲಿಸುವುದು.

ಸಂದೇಶಕ್ಕೆ ಮೂಲವಾಗಿರುವುದು 2023ರ 58ನೇ ಅಧ್ಯಕ್ಷೀಯ ನಿಯಮ. ಧಾರ್ಮಿಕ ಸಂಯಮವನ್ನು ಬಲಪಡಿಸುವ ಕೆಲಸವನ್ನು ಅದು ಸಚಿವಾಲಯಗಳಿಗೂ ಸ್ಥಳೀಯ ಆಡಳಿತಗಳಿಗೂ ಒಪ್ಪಿಸುತ್ತದೆ. ಅಲ್ಲಿನ ಶಾಸನ ರಚನೆಯ 2011ರ ಕಾಯ್ದೆಯ ಪ್ರಕಾರ ಇಂಥ ನಿಯಮದಲ್ಲಿ ಕ್ರಿಮಿನಲ್ ಶಿಕ್ಷೆಯನ್ನು ಸೇರಿಸಲು ಅವಕಾಶವೇ ಇಲ್ಲ. ದ್ವೇಷ ಹರಡುವ ಪೋಸ್ಟ್‌ಗಳಿಗೆ ಶಿಕ್ಷೆ ಇರುವುದು ನಿಜ. ಅದು ಬೇರೆ ಕಾನೂನಿನಡಿ. ಧರ್ಮನಿಂದನೆಗೂ ಪ್ರತ್ಯೇಕ ಕಾನೂನಿದೆ, ಅದರ ಬಗ್ಗೆ ಟೀಕೆಯೂ ಸಾಕಷ್ಟಿದೆ. ಆದರೆ ಅದು ಬೇರೆಯೇ ಚರ್ಚೆ.

ಧರ್ಮ ಸಚಿವಾಲಯ ಜಾಲತಾಣಗಳಲ್ಲಿ ಪ್ರಚಾರ ಮಾಡುವ ಸಂಯಮಕ್ಕೆ ನಾಲ್ಕು ಸೂಚಕಗಳಿವೆ: ರಾಷ್ಟ್ರನಿಷ್ಠೆ, ಸಹಿಷ್ಣುತೆ, ಅಹಿಂಸೆ, ಸ್ಥಳೀಯ ಸಂಸ್ಕೃತಿಯ ಸ್ವೀಕಾರ. ಇಸ್ಲಾಂ, ಪ್ರೊಟೆಸ್ಟಂಟ್, ಕ್ಯಾಥೊಲಿಕ್, ಹಿಂದೂ, ಬೌದ್ಧ, ಕನ್ಫ್ಯೂಷಿಯನ್ ಎಂಬ ಆರೂ ಮಾನ್ಯ ಧರ್ಮಗಳು ಹಿಂದಿನಂತೆಯೇ ಪ್ರತ್ಯೇಕವಾಗಿವೆ. ಯಾರ ಪೂಜೆ, ಪ್ರಾರ್ಥನೆಯೂ ಬದಲಾಗಿಲ್ಲ. ನಂಬಿಕೆಯ ವಿಷಯದಲ್ಲಿ ಭಯ ಬಹಳ ಬೇಗ ಹರಡುತ್ತದೆ ಎಂಬ ಕಳವಳದಿಂದ ಇದನ್ನು ಬರೆಯುತ್ತಿದ್ದೇನೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.