ಸ್ಪಷ್ಟನೆ: ಆಪರೇಷನ್ ಮಾಡಿದರೆ ಮೆದುಳಿನ ಗೆಡ್ಡೆ ಮೈಗೆಲ್ಲ ಹರಡುತ್ತದೆಯೇ?

‘ಮೆದುಳಿನ ಗೆಡ್ಡೆಗೆ ಕತ್ತರಿ ತಾಗಿಸಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ, ಮಕ್ಕಳಿಗಂತೂ ಆಪರೇಷನ್ ಬೇಡವೇ ಬೇಡ’ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು. ಮೆದುಳಿನಲ್ಲೇ ಹುಟ್ಟುವ ಗೆಡ್ಡೆಗಳು ದೇಹದ ಬೇರೆ ಅಂಗಗಳಿಗೆ ಹರಡುವುದು ತೀರ ಅಪರೂಪ.

ಕ್ರೇನಿಯೋಫ್ಯಾರಿಂಜಿಯೋಮಾವನ್ನೇ ನೋಡಿ. ಮೆದುಳಿನ ಬುಡದಲ್ಲಿದ್ದು ಹಾರ್ಮೋನ್ ಸ್ರವಿಸುವ ಪಿಟ್ಯುಟರಿ ಗ್ರಂಥಿಯ ಬಳಿ ಬೆಳೆಯುವ ಈ ಅಪರೂಪದ ಗೆಡ್ಡೆ ಕ್ಯಾನ್ಸರೇ ಅಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು 5ರಿಂದ 14 ವರ್ಷದೊಳಗೆ. ಆದರೆ ಪಕ್ಕದಲ್ಲೇ ದೃಷ್ಟಿ ನರಗಳಿವೆ, ಗೆಡ್ಡೆ ಬೆಳೆದರೆ ಅವನ್ನೂ ಆ ಗ್ರಂಥಿಯನ್ನೂ ಒತ್ತಬಹುದು. ಮಗು ಎತ್ತರ ಬೆಳೆಯುತ್ತಿಲ್ಲ, ಪದೇ ಪದೇ ನೀರು ಕೇಳುತ್ತದೆ, ಅಕ್ಕಪಕ್ಕದ್ದು ಕಾಣದೆ ಎಡವುತ್ತದೆ ಎಂದಾದರೆ ಕನ್ನಡಕ ಕೊಡಿಸಿ ಸುಮ್ಮನಾಗಬೇಡಿ. ಎಂಆರ್‌ಐ ಜೊತೆಗೆ ಹಾರ್ಮೋನ್ ರಕ್ತಪರೀಕ್ಷೆಯೂ ಆಗಬೇಕು. ಸಿಟಿ ಸ್ಕ್ಯಾನಿನಲ್ಲಿ ಸುಣ್ಣಗಟ್ಟಿದ ಚುಕ್ಕೆಗಳು ಕಂಡರೆ ಅದು ಒಳ್ಳೆಯ ಸುಳಿವು. ಖಚಿತಪಡಿಸುವುದು ಮಾತ್ರ ತೆಗೆದ ಚೂರಿನ ಪರೀಕ್ಷೆ.

ಹಲವರಿಗೆ ಈಗ ತಲೆಬುರುಡೆ ತೆರೆಯದೆ ಮೂಗಿನ ಮೂಲಕವೇ ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ತೂರಿಸಿ ಗೆಡ್ಡೆ ತೆಗೆಯುತ್ತಾರೆ. ಮರುಕಳಿಸುವುದು ನಿಜ, ಸಾಮಾನ್ಯವಾಗಿ ಅದೇ ಜಾಗದಲ್ಲಿ. ಬಹುಶಃ ಅದನ್ನೇ ಕಂಡು ಯಾರೋ ‘ಹರಡಿತು’ ಎಂದಿರಬೇಕು. ಹಸಿವನ್ನು ನಿಯಂತ್ರಿಸುವ ಮೆದುಳಿನ ಭಾಗವಾದ ಹೈಪೊಥಲಾಮಸ್‌ಗೆ ಅಂಟಿದ ಭಾಗವನ್ನು ಕಿತ್ತರೆ ಹಸಿವಿನ ಹಿಡಿತ ತಪ್ಪಿ ಮಗು ವಿಪರೀತ ದಪ್ಪವಾಗಬಹುದು. ಅದಕ್ಕೇ ಕೆಲವೊಮ್ಮೆ ಬೇಕೆಂದೇ ಸ್ವಲ್ಪ ಉಳಿಸಿ, ಆಮೇಲೆ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ಇದು ವೈದ್ಯರ ಸೋಲಲ್ಲ. ಆಪರೇಷನ್ ನಂತರ ಜೀವನಪೂರ್ತಿ ಹಾರ್ಮೋನ್ ಔಷಧಿ ಬೇಕಾಗಬಹುದು. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.