ಈ ಬ್ರೌಸರ್‌ಗೆ ಟ್ಯಾಬ್ ಮಲಗಿಸು ಅಂತ ಯಾರು ಹೇಳಿದ್ದು?

ಮತ್ತೆ ಖಾಲಿ! ಹೆಸರು, ಆಧಾರ್, ಪಾಸ್‌ಬುಕ್ ನಂಬರ್ ಎಲ್ಲ ಹೋಯಿತು. ಅದೂ ಒಟಿಪಿ ಬಂದ ಮೇಲೆ. ಹೊಟ್ಟೆ ಉರಿಯದೆ ಇರುತ್ತದಾ?

ನಾನು ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯ ಹುಡುಗ. ಬಂದದ್ದು ಹುಲೇಕಲ್ ಕಡೆಯ ಅಜ್ಜ, ಮೊಮ್ಮಗಳ ಸ್ಕಾಲರ್‌ಶಿಪ್ ಅರ್ಜಿ. ಒಟಿಪಿ ಬರುವ ಫೋನು ಮೊಮ್ಮಗಳ ಹತ್ತಿರ, ಮನೆಯಲ್ಲಿ. ಅಲ್ಲಿ ಅಂಗಳದ ತುದಿಗೆ ಬಂದರೆ ಮಾತ್ರ ನೆಟ್‌ವರ್ಕ್. ಅಲ್ಲಿಯವರೆಗೆ ನಾನು ಸುಮ್ನೆ ಕೂರಬೇಕಾ? ಒಬ್ಬರ ಪಹಣಿ ತೆಗೆದೆ, ಇನ್ನೊಬ್ಬರ ಫೋಟೋ 50 ಕೆಬಿಗೆ ಇಳಿಸಿದೆ. ವಾಪಸ್ ಬಂದು ಟ್ಯಾಬ್ ಒತ್ತಿದೆ. ಬಿಳಿ ಪರದೆ. ಚಕ್ರ ತಿರುಗಿತು. ಲಾಗಿನ್ ಪುಟ ಬಂತು. ಆ ಕಡೆ ಹುಡುಗಿ ಸ್ಪೀಕರ್‌ನಲ್ಲಿ ನಂಬರ್ ಓದುತ್ತಲೇ ಇದ್ದಾಳೆ. ನಾನು ಕೀಬೋರ್ಡ್ ಕುಟ್ಟುತ್ತಾ ಟೈಪ್ ಮಾಡುವವನ ಹಾಗೆ ನಟಿಸಿದೆ! ಅಜ್ಜ ಬಗ್ಗಿ ಪರದೆ ನೋಡಿದರು. ಇಡೀ ಸಾಲಿಗೆ ಕೇಳುವ ಹಾಗೆ ಅಂದರು, "ತಮಾ, ನಿಂಗೆ ಇದು ಬತ್ತಿಲ್ಲೆ ಕಾಣ್ತು." ಹಿಂದೆ ಯಾರೋ ಕಿಸಕ್ಕೆಂದರು. ಬೈದಿದ್ದರೆ ಪರವಾಗಿರಲಿಲ್ಲ. ಅಜ್ಜನ ದನಿಯಲ್ಲಿ ಕನಿಕರ ಇತ್ತು.

ಬರ್ತದೆ ಅಜ್ಜಾ! ಒಳಗೆ ಏನಾಗ್ತದೆ ಅಂತಲೂ ಗೊತ್ತು. 2018ರಲ್ಲಿ ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ದೋಷ ಬಯಲಾದ ಮೇಲೆ, ಬ್ರೌಸರ್‌ಗಳು ಒಂದೊಂದು ಸೈಟನ್ನೂ ಬೇರೆ ಬೇರೆ ಪ್ರೊಸೆಸ್‌ನಲ್ಲಿ, ಅಂದರೆ ಮೆಮೊರಿಯ ಬೇರೆ ಬೇರೆ ಕೋಣೆಯಲ್ಲಿ, ಕೂರಿಸತೊಡಗಿದವು. ಒಂದು ಸೈಟು ಇನ್ನೊಂದರ ಗುಟ್ಟು ಕದಿಯಬಾರದು, ಅಲ್ವಾ? ಒಳ್ಳೆಯದೇ. ಆದರೆ ಮೆಮೊರಿ ಜಾಸ್ತಿ ಬೇಕು. ನಮ್ಮ ಡಬ್ಬದಲ್ಲಿ ಇರುವುದೇ 4 ಜಿಬಿ. ಅದಕ್ಕೇ ನೋಡದ ಟ್ಯಾಬ್‌ಗಳನ್ನು ಮಲಗಿಸುವ ಮೆಮೊರಿ ಸೇವರ್. ಅಂದರೆ ಟ್ಯಾಬನ್ನು ಮೆಮೊರಿಯಿಂದ ಇಳಿಸಿಬಿಡುತ್ತದೆ, ಮತ್ತೆ ಒತ್ತಿದರೆ ಪುಟ ಮೊದಲಿಂದ ಲೋಡ್ ಆಗುತ್ತದೆ. ಫಾರ್ಮ್ ತುಂಬುತ್ತಿದ್ದರೆ ಆ ಟ್ಯಾಬ್ ಮುಟ್ಟುವುದಿಲ್ಲ ಅಂತಾರೆ. ಹಾಗಾದರೆ ಇದೇನು? ಯಾರಾದ್ರೂ ಹೇಳಿ ಮಾರಾಯ್ರೇ!

"ಆಫ್ ಮಾಡಿ" ಅಂತ ಮಾತ್ರ ಬರೆಯಬೇಡಿ. ಮಾಡಿ ಆಗಿದೆ. ಮೆಮೊರಿ ತುಂಬಿತು, ವಿಂಡೋಸ್ ಉಳಿದದ್ದನ್ನು ಹಾರ್ಡ್‌ಡಿಸ್ಕಿಗೆ ಸುರಿಯಿತು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100%. ಮೌಸಿನ ಬಾಣ ಮಾರಿಜಾತ್ರೆಯ ತೇರಿನ ಹಾಗೆ ಹೊರಟಿತು. ಕೈ ಮುಗಿಯುವುದೊಂದು ಬಾಕಿ.

ಸದಾ ಎಚ್ಚರ ಇಡಬೇಕಾದ ಸೈಟುಗಳ ಪಟ್ಟಿ ಇದೆ, ಸರಿ. ಇವತ್ತು ಸೇರಿಸಿದೆ. ನಾಳೆ ಬೇರೆ ಅರ್ಜಿ, ಬೇರೆ ಸೈಟು. ಇನ್ನೊಂದು 4 ಜಿಬಿ ಹಾಕಿಸಿ ಅಂದರೆ ಓನರ್ "ಅಡಿಕೆ ರೇಟು ಏರಲಿ" ಅಂತಾರೆ. ಅಂಗಡಿ ಅವರದ್ದು, ಮರ್ಯಾದೆ ಹೋಗುವುದು ನನ್ನದು. ಹೋಗಲಿ ಬಿಡಿ. ಅಲ್ಲ, ಯಾಕೆ ಬಿಡಬೇಕು?

ಅಜ್ಜ ನಾಳೆ ಮತ್ತೆ ಬರ್ತಾರೆ. ಬೇರೆ ಹುಡುಗ ಯಾರಾದರೂ ಇದ್ದಾನಾ ಅಂತ ಓನರ್ ಹತ್ತಿರ ಕೇಳಿಯೇ ಬಸ್ಸು ಹತ್ತಿದ್ದಾರೆ.