ಕುರ್ಚಿ ಕುಟ್ಟುವವರು

"ಬಚ್ಚಲ ನಲ್ಲಿ ಸೋರ್ತಾ ಇದ್ದು ಕಾಣ್ತು, ನೋಡು ತಮಾ" ಎಂದು ಅಮ್ಮ ಅಡುಗೆಮನೆಯಿಂದ ಕೂಗಿದಳು. ನಲ್ಲಿ ಸೋರುತ್ತಿರಲಿಲ್ಲ. ನನ್ನ ಫೋನಿನ ಮೆಟ್ರೊನೋಮ್, ಅಂದರೆ ಒಂದೇ ವೇಗದಲ್ಲಿ ತಾಳ ಕೊಡುವ ಯಂತ್ರ, ಟಿಕ್ ಟಿಕ್ ಎನ್ನುತ್ತಿತ್ತು. ನಾನು ಗಿಟಾರ್ ಹಿಡಿದು ಅದರ ಹಿಂದೆ ಓಡುತ್ತಿದ್ದೆ. ಇದು ತಾಳ ಗಟ್ಟಿ ಮಾಡಿಕೊಳ್ಳುವ ಅಭ್ಯಾಸ ಎಂದು ಹೇಳಿದೆ. "ಹಂಗಾರೆ ಬಾಗ್ಲು ಹಾಕ್ಯಂಡು ಮಾಡು" ಎಂದಳು.

ಬಾಗಿಲು ಹಾಕಿದರೆ ಅಮ್ಮನಿಗೆ ಕೇಳುವುದಿಲ್ಲ. ನನಗೆ ಕೇಳುತ್ತದಲ್ಲ! ಜಿ ಕಾರ್ಡ್ ಬಾರಿಸುತ್ತೇನೆ, ಸಿ ಕಾರ್ಡ್ ಬಾರಿಸುತ್ತೇನೆ, ಎಫ್ ಬರುವ ಹೊತ್ತಿಗೆ ಫೋನು ಮುಂದೆ ಹೋಗಿರುತ್ತದೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತುವ ಕಷ್ಟ ಅದಕ್ಕೇನು ಗೊತ್ತು? ಯೂಟ್ಯೂಬಿನ ಗುರುಗಳು ನಗುನಗುತ್ತ ಒಂದೇ ಮಾತು ಹೇಳುತ್ತಾರೆ. ವೇಗವನ್ನು ನಿಮಿಷಕ್ಕೆ 60 ಟಿಕ್‌ಗೆ ಇಳಿಸಿ, ಸರಿಯಾದ ಮೇಲೆ ನಾಲ್ಕು ನಾಲ್ಕೇ ಏರಿಸಿ. ನಿಧಾನವಾದರೆ ಸುಲಭ ಅಂತ ಯಾರು ಹೇಳಿದರೋ! ಒಮ್ಮೆ 40ಕ್ಕೆ ಇಳಿಸಿ ನೋಡಿ. ಎರಡು ಟಿಕ್‌ಗಳ ನಡುವೆ ಒಂದೂವರೆ ಸೆಕೆಂಡು. ಅಷ್ಟು ಪುರುಸೊತ್ತು ಸಿಕ್ಕ ಕೈ ಸುಮ್ನೆ ಕೂರುವುದಿಲ್ಲ, ಮೊದಲೇ ಹೋಗಿ ಬಾರಿಸಿಬಿಡುತ್ತದೆ.

ಈ ಯಂತ್ರಕ್ಕೆ 1815ರಲ್ಲಿ ಪೇಟೆಂಟ್ ಮಾಡಿಸಿಕೊಂಡವನು ಮೆಲ್ಟ್ಸೆಲ್ ಎಂಬ ಜರ್ಮನ್. ಆದರೆ ಅದರ ಗುಟ್ಟು ಕಂಡುಹಿಡಿದವನು ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ವಿಂಕೆಲ್. ನಿಮಿಷಕ್ಕೆ 40 ಪೆಟ್ಟು ಬೀಳಬೇಕಾದರೆ ಸಾದಾ ಲೋಲಕ ಎರಡು ಮೀಟರಿಗಿಂತ ಉದ್ದ ಇರಬೇಕು. ನಮ್ಮನೆಯಲ್ಲಾದರೆ ಮಾಳಿಗೆಯ ತೊಲೆಗೆ ಕಟ್ಟಬೇಕು. ವಿಂಕೆಲ್ ಕೀಲಿನ ಎರಡೂ ಕಡೆ ತೂಕ ಇಟ್ಟು, ಅದನ್ನು ಮೇಜಿನ ಮೇಲೆ ಕೂರುವಷ್ಟು ಚಿಕ್ಕದು ಮಾಡಿದ. ಮೆಲ್ಟ್ಸೆಲ್ ಅದನ್ನು ನೋಡಿದ, ಒಂದು ಅಳತೆಪಟ್ಟಿ ಸೇರಿಸಿದ, ತನ್ನ ಹೆಸರು ಹಚ್ಚಿದ. ಇದೇ ಮಹಾಶಯ ಮುಂದೆ ಚೆಸ್ ಆಡುವ ಗೊಂಬೆಯೊಂದನ್ನು ಊರೂರಲ್ಲಿ ತೋರಿಸಿ ದುಡ್ಡು ಮಾಡಿದ. ಗೊಂಬೆಯ ಪೆಟ್ಟಿಗೆಯೊಳಗೆ ಮನುಷ್ಯನೇ ಕೂತು ಆಡುತ್ತಿದ್ದ! ಇಂಥವನು ಊರಿಗೆಲ್ಲ ಹಂಚಿದ ಯಂತ್ರ ಈಗ ನನ್ನ ಪ್ರಾಮಾಣಿಕತೆ ಅಳೆಯುತ್ತದೆ.

ಹಾಗಂತ ಶಿರಸಿ ಕಡೆಯವರಿಗೆ ಶಿಸ್ತಿಲ್ಲ ಅನ್ನಬೇಡಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಲೆಕ್ಕ ತಪ್ಪುವುದಿಲ್ಲ. ಉಳಿದದ್ದಕ್ಕೆಲ್ಲ ನಮ್ಮ ಶಿಸ್ತು ಸ್ವಲ್ಪ ತಡವಾಗಿ ಶುರುವಾಗುತ್ತದೆ, ಅಷ್ಟೇ. ಹೋದ ತಿಂಗಳು ಪಕ್ಕದ ಊರಿನ ದೇವಸ್ಥಾನದ ಬಯಲಲ್ಲಿ ಯಕ್ಷಗಾನದ ಆಟ ಇತ್ತು. ಹಸ್ತಪತ್ರದಲ್ಲಿ 'ರಾತ್ರಿ ಸರಿಯಾಗಿ 9-30ಕ್ಕೆ' ಎಂದಿತ್ತು. 9-30ಕ್ಕೆ ಹೋದವನು ನಾನು ಮತ್ತು ಕಡಲೆ ಮಾರುವವನು. ಆಮೇಲೆ ಸಭಾ ಕಾರ್ಯಕ್ರಮ. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಸನ್ಮಾನಿತರ ಮಾತು. ಅಧ್ಯಕ್ಷರು "ನಿಮಗೂ ಆಟಕ್ಕೂ ನಡುವೆ ನಾನು ಅಡ್ಡ ನಿಲ್ಲುವುದಿಲ್ಲ" ಎಂದು ಹೇಳಿ ಅರ್ಧ ಗಂಟೆ ಅಡ್ಡ ನಿಂತರು. ವಂದನಾರ್ಪಣೆಯವರು ಶಾಮಿಯಾನದವರಿಂದ ಹಿಡಿದು ಮೈಕಿನವರ ತನಕ ಎಲ್ಲರನ್ನೂ ನೆನೆದರು. "ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಕ್ಷಮಿಸಿ" ಎಂದವರು, ಕಿಸೆಯಿಂದ ಇನ್ನೊಂದು ಚೀಟಿ ತೆಗೆದು ಬಿಟ್ಟುಹೋದವರ ಹೆಸರನ್ನೂ ಓದಿದರು. ಅಷ್ಟು ಹೊತ್ತೂ ಹಿಂದೆ ಎಲ್ಲೋ ಮದ್ದಳೆಯವರು ಶ್ರುತಿ ನೋಡುತ್ತಲೇ ಇದ್ದರು. ಪಾಪ, ನೋಡಿ ನೋಡಿ ಅವರಿಗೂ ಬೇಜಾರು ಬಂದಿರಬೇಕು.

ಹತ್ತೂಮುಕ್ಕಾಲಿಗೆ ಚಂಡೆ ಬಿತ್ತು. ಆಮೇಲಿನದು ಬೇರೆಯೇ ಲೋಕ. ಭಾಗವತರ ಕಣ್ಣು ವೇಷದ ಕಾಲಿನ ಮೇಲೆ. ಕಾಲು ಬಿಗಿಯಾದರೆ ಅವರ ಕೈಯ ತಾಳ ಬಿಗಿ, ಕಾಲು ಉಸಿರು ತೆಗೆದುಕೊಂಡರೆ ತಾಳವೂ ಸಡಿಲ. ಬಿಡ್ತಿಗೆ ಎಂಬ ಪೆಟ್ಟುಗಳ ಜೋಡಣೆಯಲ್ಲಿ ಚಂಡೆ, ಮದ್ದಳೆ, ಗೆಜ್ಜೆ ಮೂರೂ ಒಂದೇ ಜಾಗಕ್ಕೆ ಬಂದು ಬೀಳಬೇಕು. ಒಮ್ಮೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಯಿತು ನೋಡಿ, ಮುಂದಿನ ಸಾಲಿನ ಅಜ್ಜಂದಿರು "ಛೇ" ಎಂದು ಒಟ್ಟಿಗೆ ತಲೆ ಕೊಡವಿದರು. ಒಂದೂಕಾಲು ಗಂಟೆ ತಡ ಆಗಿದ್ದಕ್ಕೆ ಇವರಲ್ಲಿ ಒಬ್ಬರೂ ಉಸಿರೆತ್ತಿರಲಿಲ್ಲ!

ನನಗೆ ಸಿಟ್ಟು ಬಂದಿದ್ದು ಅದಕ್ಕಲ್ಲ. ನನ್ನ ಹಿಂದೆ ಬಾಯಿ ತುಂಬ ಎಲೆ-ಅಡಿಕೆಯ ಕವಳ ಹಾಕಿಕೊಂಡ ಒಬ್ಬರು ಕೂತಿದ್ದರು. ಅವರು ನನ್ನ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ತಾಳ ಹಾಕುತ್ತಿದ್ದರು. ಹಾಕಲಿ, ಸರಿಯಾಗಿ ಹಾಕಲಿ. ಇವರದು ಯಾವಾಗಲೂ ಅರ್ಧ ಪೆಟ್ಟು ತಡ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಬೆಳಗಿನ ತನಕ ಅದೇ ಅರ್ಧ ಪೆಟ್ಟು. ರಂಗಸ್ಥಳದಲ್ಲಿ ಒಂದು ತಾಳ, ನನ್ನ ಬೆನ್ನಲ್ಲಿ ಇನ್ನೊಂದು. ತಿರುಗಿ ಗುರಾಯಿಸಿದೆ. ಅವರಿಗೆ ಖುಷಿಯಾಯಿತು. "ಭಾಗವತ್ರು ಅಡ್ಡಿಲ್ಲೆ, ಅಲ್ದಾ ತಮಾ?" ಎಂದರು. "ಅಡ್ಡಿಲ್ಲೆ" ಎಂದೆ. ಮತ್ತೇನು ಹೇಳುವುದು? ಉತ್ಸಾಹ ಬಂದು ಇನ್ನೂ ಜೋರಾಗಿ ಕುಟ್ಟಿದರು.

ಈಗ ಯೂಟ್ಯೂಬ್ ಗುರುಗಳು ಮುಂದಿನ ಪಾಠ ಕೊಟ್ಟಿದ್ದಾರೆ. ಮೆಟ್ರೊನೋಮಿನ ವೇಗ ಅರ್ಧ ಮಾಡಿ, ಟಿಕ್ ಬರುವುದು ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಅಂದುಕೊಂಡು ಬಾರಿಸಬೇಕಂತೆ. ಒಂದು ಮತ್ತು ಮೂರನ್ನು ನಾವೇ ಮನಸ್ಸಿನಲ್ಲಿ ಹಿಡಿದುಕೊಳ್ಳಬೇಕಂತೆ. ಇದರಿಂದ ಲಯ ಒಳಗೇ ಕೂರುತ್ತದಂತೆ. ಕೂರಬಹುದು. ಆದರೆ ಶುರು ಮಾಡಿದ ಕೂಡಲೇ ನನಗೆ ಕಂಡಿದ್ದು ಲಯ ಅಲ್ಲ, ಆ ಕವಳದ ಬಾಯಿ. ಅವರು ಅವತ್ತು ರಾತ್ರಿಯಿಡೀ ನನಗೆ ಪುಕ್ಕಟೆಯಾಗಿ ಮಾಡಿಸಿದ್ದು ಹತ್ತಿರಹತ್ತಿರ ಇದೇ ಪಾಠ. ಉಪಕಾರ ಅಂತೇನೂ ಅನಿಸಿರಲಿಲ್ಲ, ಈಗಲೂ ಅನಿಸುತ್ತಿಲ್ಲ. ಎಫ್ ಕೂಡ ಅಲ್ಲೇ ಇದೆ.

ಈ ಶನಿವಾರ ಮತ್ತೊಂದು ಆಟ ಇದೆ. ಊಟ ಮುಗಿಸಿ ಆರಾಮಾಗಿ ಹತ್ತೂವರೆಗೆ ಹೊರಟರೆ ಸಾಕು. ಹಿಂದೆ ಗೋಡೆ ಇರುವ ಜಾಗ ನೋಡಿ ಕೂರೋಣ ಅಂತ ಇದ್ದೆ. ಬಯಲಾಟದಲ್ಲಿ ಗೋಡೆ ಎಲ್ಲಿಂದ ತರುವುದು ಮಾರಾಯ್ರೆ!